ತಲೆಗೆ ಬಂದದ್ದು ತಲೆಪಾಗಿಗೆ ಹೋಗಲಿ

“ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು” ಎಂಬುದು ನಮ್ಮ ಹಿರಿಯರ ಮಾತು. ದೊಡ್ಡದೊಂದು ಗಂಡಾಂತರ ಅಲ್ಪ ನಷ್ಟದಲ್ಲಿ ಕಳೆದುಹೋದಾಗ ಅವರು ಹೀಗೆ ಹೇಳಿ ಸಮಾಧಾನ ಪಡುತ್ತಿದ್ದರು. ವಿಜಯಪುರದ ಕಡೆಯ ಮುದುಕರ ತಲೆಯ ಮೇಲೆ ಇಂದಿಗೂ ರುಮಾಲು ಇದೆ, ಇಲ್ಲವೆ ಬಿಳಿಯ ಟೊಪ್ಪಿಗೆ ಇದೆ. ಆದುದರಿಂದ ಈ ಗಾದೆ ನಮಗೆ ಬರಿಯ ಅಲಂಕಾರದ ಮಾತಲ್ಲ, ಕಣ್ಣೆದುರಿನ ಸಂಗತಿ. ಆದರೆ ಕಳೆದ ವರ್ಷ ನಮ್ಮ ಮನೆತನದಲ್ಲಿ ಈ ಗಾದೆ ತಿರುವುಮುರುವಾಯಿತು. ಪಾಗಿಗೆ ಹೋಗಬೇಕಾದದ್ದು ತಲೆಗೇ ಬಂದಿತು. ಬಂದು, ಐದು ವಾರಗಳ ಕಾಲ ಯಾರ ಕಣ್ಣಿಗೂ ಬೀಳದೆ ಅಲ್ಲಿಯೇ ಅಡಗಿ ಕುಳಿತಿತು.

ಭೂತನಾಳವೆಂದರೆ ಹೊರಗಿನವರಿಗೆ ಅಲ್ಲಿಯ ಕೆರೆ. ವಿಜಯಪುರ ನಗರವು ಬಹುಕಾಲ ಕುಡಿದ ನೀರು ಆ ಕೆರೆಯದು. ನನಗೆ ಮಾತ್ರ ಭೂತನಾಳವೆಂದರೆ ನಮ್ಮ ದೊಡ್ಡಪ್ಪನವರ ಪಡಸಾಲೆ. ಅವರಿಗೆ ಈಗ ಎಪ್ಪತ್ತೆಂಟು ವರ್ಷ. ಒಕ್ಕಲುತನದ ಮನುಷ್ಯ, ಶಾಲೆಯಲ್ಲಿ ಓದಿದ್ದು ಕಡಿಮೆ. ಆದರೆ ಲಕ್ಷ್ಮೀಶನ ಜೈಮಿನಿ ಭಾರತವೆಂದರೆ ಅವರಿಗೆ ಉಸಿರು. ಶ್ರಾವಣ ಬಂತೆಂದರೆ ಸಂಜೆಯ ಹೊತ್ತು ಓಣಿಯ ನಾಲ್ಕು ಜನರನ್ನು ಕೂಡಿಸಿಕೊಂಡು ರಾಗವಾಗಿ ಓದಿ ಅರ್ಥ ಹೇಳುವರು. ಎಂ.ಎ. ತರಗತಿಯಲ್ಲಿ ನಾನು ಆ ಕಾವ್ಯವನ್ನು ಅಭ್ಯಾಸ ಮಾಡುವುದಕ್ಕಿಂತ ಬಹಳ ಮೊದಲೇ ಅವರ ಬಾಯಿಂದ ಕೇಳಿದ್ದೆ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ. ಮೊಮ್ಮಗಳು ಅಂಗಳದಲ್ಲಿ ಮಣ್ಣಿನ ಎತ್ತುಗಳಿಗೆ ಕೋಡು ಮೂಡಿಸುತ್ತಿದ್ದಳು. ದೊಡ್ಡಪ್ಪ ಸ್ನಾನ ಮುಗಿಸಿ ಬರುವಾಗ, ಅವಳು ಕರೆದಳೆಂದು ತಿರುಗಿದವರು, ನಡುಮನೆಯ ಗಿಡ್ಡ ಬಾಗಿಲಿನ ಮೇಲುಪಟ್ಟಿಗೆ ತಲೆ ಬಡಿದುಕೊಂಡರು. ಆಗಷ್ಟೇ ಸ್ನಾನವಾಗಿದ್ದುದರಿಂದ ತಲೆಯ ಮೇಲೆ ರುಮಾಲು ಇರಲಿಲ್ಲ. ರಕ್ತ ಬರಲಿಲ್ಲ, ಬೋರೆ ಏಳಲಿಲ್ಲ. ದೊಡ್ಡವ್ವ ಎಣ್ಣೆ ಸವರಲು ಬಂದರೆ, “ಏನೂ ಆಗಿಲ್ಲ ಬಿಡು, ಈ ಬಾಗಿಲಾ ನನಗ ಹೊಸಾದೇನ?” ಎಂದು ನಕ್ಕರು. ಹೋಳಿಗೆಯ ಊಟವಾಯಿತು. ಆ ಪೆಟ್ಟನ್ನು ಅವರೂ ಮರೆತರು, ಎಲ್ಲರೂ ಮರೆತರು.

ನಾಲ್ಕು ವಾರ ಕಳೆದವು. ಆಮೇಲೆ ಬೆಳಗಿನ ಹೊತ್ತು ತಲೆ ನೋಯುತ್ತದೆ ಎನ್ನತೊಡಗಿದರು. ಹಗಲಲ್ಲಿ ಕುಳಿತಲ್ಲಿಯೇ ತೂಕಡಿಸತೊಡಗಿದರು. ಔಷಧ ಕೊಡುವವರೊಬ್ಬರು ನಿಶ್ಶಕ್ತಿಯೆಂದು ಹೇಳಿ ಶಕ್ತಿಯ ಚುಚ್ಚುಮದ್ದು ಹಾಕಿದರು. ಶ್ರಾವಣದ ಮೊದಲ ಸಂಜೆ ನಾನು ಭೂತನಾಳಕ್ಕೆ ಹೋಗಿದ್ದೆ. ಓದು ಮೊದಲಾಯಿತು. ಮೂರನೆಯ ಪದ್ಯದಲ್ಲಿ ದೊಡ್ಡಪ್ಪ ತಟಕ್ಕನೆ ನಿಂತರು. ಪುಸ್ತಕ ಎದುರಿಗಿದೆ, ಬೆರಳು ಸಾಲಿನ ಮೇಲಿದೆ. ಶಬ್ದ ಬಾಯಿಗೆ ಬರಲೊಲ್ಲದು. ನಾನು ಆ ಶಬ್ದವನ್ನು ಎತ್ತಿ ಕೊಟ್ಟೆ. ಮುಂದೆ ಮತ್ತೆರಡು ಸಲ ಹಾಗೆಯೇ ಆಯಿತು, ಎರಡು ಸಲವೂ ಎತ್ತಿ ಕೊಟ್ಟೆ. ಸುಳ್ಳೇಕೆ ಹೇಳಲಿ? ಕೂಡಿದ ಜನ ನನ್ನ ಕಡೆಗೆ ತಿರುಗಿ ನೋಡಿದಾಗ ಒಳಗೊಳಗೇ ಒಂದಿಷ್ಟು ಹೆಮ್ಮೆಯಾಯಿತು. ಅಂದಿನ ಆ ಹೆಮ್ಮೆ ಇಂದಿಗೂ ನನ್ನನ್ನು ಚುಚ್ಚುತ್ತದೆ.

“ಅರವತ್ತಕ್ಕೆ ಅರಳು ಮರಳು ಅಂತಾರ, ಇವರಿಗೆ ಎಪ್ಪತ್ತೆಂಟಕ್ಕ ಸುರು ಆಗೇತಿ ನೋಡಪಾ ತಮ್ಮಾ” ಎಂದರು ದೊಡ್ಡವ್ವ. ನಾನೂ ತಲೆಯಾಡಿಸಿದೆ. ಗಾದೆ ವೇದಕ್ಕೆ ಸಮಾನವೆಂದು ಪಾಠ ಹೇಳುವ ನನಗೆ ಈ ಗಾದೆಯನ್ನು ಸಂಶಯಿಸಬೇಕೆಂದು ಹೊಳೆಯಲಿಲ್ಲ.

ಹೊಳೆದದ್ದು ಒಂಬತ್ತು ವರ್ಷದ ಮೊಮ್ಮಗಳಿಗೆ. ಪಂಚಮಿಯ ದಿನ ಅವಳು ಕೈಯಲ್ಲೊಂದು ಚಪ್ಪಲಿ ಹಿಡಿದುಕೊಂಡು ಬಂದಳು. “ಕಾಕಾ, ಅಜ್ಜನ ಬಲಗಾಲಿನ ಚಪ್ಪಲಿ ಮತ್ತ ಕೆರಿ ದಾರ‍್ಯಾಗ ಬಿದ್ದಿತ್ತು. ನಿನ್ನೇನೂ ಬಿದ್ದಿತ್ತು. ಬಿದ್ದದ್ದ ಅವಗ ಗೊತ್ತ ಆಗೂದುಲ್ಲ” ಎಂದಳು. ಎಡಗಾಲಿನದು ಬೀಳದೆ ಬಲಗಾಲಿನದಷ್ಟೇ ಏಕೆ ಬೀಳಬೇಕು? ಮುಪ್ಪು ಬಂದರೆ ಎರಡು ಕಾಲಿಗೂ ಬರುತ್ತದೆ. ಅಂದೇ ಮಧ್ಯಾಹ್ನ ಅವರನ್ನು ಕಾರಿನಲ್ಲಿ ಕೂಡಿಸಿಕೊಂಡು ನಗರಕ್ಕೆ ಬಂದೆವು.

ವೈದ್ಯರು ಎಲ್ಲವನ್ನೂ ಕೇಳಿಕೊಂಡು ಒಂದೇ ಪ್ರಶ್ನೆ ಹಾಕಿದರು: “ಈ ಎರಡು ಮೂರು ತಿಂಗಳಲ್ಲಿ ತಲೆಗೆ ಪೆಟ್ಟೇನಾದರೂ ಬಿದ್ದಿತ್ತೇ?” ಇಲ್ಲವೆಂದು ನಾವೆಲ್ಲ ಒಂದೇ ಬಾಯಿಯಿಂದ ಹೇಳಿದೆವು. ದೊಡ್ಡವ್ವ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಣ್ಣೆತ್ತಿನ ಅಮಾಸಿಗೆ ಬಾಗಿಲಾ ಬಡದಿತ್ತಲ್ಲ” ಎಂದರು. ಒಂದು ಗಂಟೆಯೊಳಗೆ ಸಿ.ಟಿ. ಸ್ಕ್ಯಾನಿನ ಚಿತ್ರ ನಮ್ಮ ಮುಂದೆ ಇತ್ತು. ಎಡಗಡೆಯ ತಲೆಬುರುಡೆಗೂ ಮಿದುಳಿಗೂ ನಡುವೆ ಬಾಳೆಯ ಹಣ್ಣಿನಂತೆ ಬಾಗಿದ ಒಂದು ನೆರಳು. ಅದು ರಕ್ತ. ಮಿದುಳನ್ನು ಅದು ಬಲಗಡೆಗೆ ಒತ್ತಿಬಿಟ್ಟಿತ್ತು.

ಅಂದಿನಿಂದ ನಾನು ಈ ವಿಷಯವನ್ನು ಕುರಿತು ಓದಿದೆ, ಬಲ್ಲವರನ್ನು ಕೇಳಿದೆ. ನಾನು ವೈದ್ಯನಲ್ಲ. ಆದರೂ ಇದನ್ನು ಬರೆಯುವುದಕ್ಕೆ ಕಾರಣ, ನಮ್ಮಂತಹ ಓದು ಬಲ್ಲ ಮನೆಗಳಲ್ಲಿಯೂ ತಿಳಿಯದೆ ನಡೆಯುವ ತಪ್ಪು ಇದು.

ಮೂರು ಹೊದಿಕೆಗಳು

ಪ್ರಕೃತಿಯು ಮಿದುಳನ್ನು ಇಟ್ಟಿರುವ ಬಗೆಯನ್ನು ಮೊದಲು ನೋಡಬೇಕು. ಸುಮಾರು 1,300ರಿಂದ 1,400 ಗ್ರಾಂ ತೂಗುವ ಈ ಮೃದುವಾದ ವಸ್ತು ಎಲುಬಿನ ಕರಂಡಕದೊಳಗೆ ಮೂರು ಹೊದಿಕೆಗಳನ್ನು ಹೊದ್ದು ಕುಳಿತಿದೆ. ಹೊರಗಿನದು ಚರ್ಮದಂತೆ ದಪ್ಪನಾದುದು, ತಲೆಬುರುಡೆಯ ಒಳಮೈಗೆ ಅಂಟಿಕೊಂಡಿರುವುದು. ಅದರ ಹೆಸರು ಡ್ಯೂರಾ. ನಡುವಿನದು ಜೇಡರ ಬಲೆಯಂತೆ ನವಿರಾದುದು, ಅರಕ್ನಾಯ್ಡ್. ಒಳಗಿನದು ಮಿದುಳಿನ ಮಡಿಕೆ ಮಡಿಕೆಗೂ ಒತ್ತಿಕೊಂಡಿರುವ ಅತಿ ತೆಳುವಾದ ಪೊರೆ. ನಡುವಿನ ಮತ್ತು ಒಳಗಿನ ಪೊರೆಗಳ ಮಧ್ಯೆ ತಿಳಿನೀರಿನಂತಹ ದ್ರವವೊಂದು ಸುತ್ತುತ್ತಿರುತ್ತದೆ. ಒಂದು ಹೊತ್ತಿನಲ್ಲಿ ಅದು ಇರುವುದು ಸುಮಾರು 150 ಮಿಲಿಲೀಟರು. ದಿನಕ್ಕೆ 500 ಮಿಲಿಲೀಟರಿನಷ್ಟು ಹೊಸದಾಗಿ ಹುಟ್ಟಿ, ಹಳೆಯದು ರಕ್ತಕ್ಕೆ ಸೇರಿಹೋಗುತ್ತದೆ.

ಈ ಕರಂಡಕವು ಭದ್ರವಾದದ್ದು. ಆ ಭದ್ರತೆಯೇ ಆಪತ್ಕಾಲದಲ್ಲಿ ಶತ್ರುವೂ ಆಗುತ್ತದೆ. ಕೈಗೆ ಪೆಟ್ಟಾದರೆ ಕೈ ಬಾತುಕೊಳ್ಳುತ್ತದೆ; ಬಾವಿಗೆ ಹೊರಗೆ ಜಾಗವುಂಟು. ತಲೆಬುರುಡೆಯೊಳಗೆ ಅಂತಹ ಜಾಗವಿಲ್ಲ. ಒಳಗೆ ಇರುವವು ಮೂರೇ: ಮಿದುಳು, ರಕ್ತ, ದ್ರವ. ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗಲೇಬೇಕು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ 1783ರಲ್ಲಿಯೂ ಜಾರ್ಜ್ ಕೆಲ್ಲಿ 1824ರಲ್ಲಿಯೂ ಹೇಳಿದ ಈ ಸರಳವಾದ ಲೆಕ್ಕವನ್ನೇ ಇಂದಿನ ವೈದ್ಯರೂ ಹಿಡಿದು ನಡೆಯುತ್ತಾರೆ. ಸೋರಿದ ರಕ್ತಕ್ಕೆ ಎಡೆಗೊಡಲು ಮೊದಲು ದ್ರವ ಹಿಂದೆ ಸರಿಯುತ್ತದೆ. ಅಷ್ಟು ಹೊತ್ತು ರೋಗಿಯು ನಗುತ್ತ ಮಾತನಾಡುತ್ತ ಇರಬಹುದು. ಸರಿಯುವುದಕ್ಕೆ ದ್ರವ ಮುಗಿದ ಮೇಲೆ ಒತ್ತಡವು ಒಮ್ಮೆಲೇ ಏರುತ್ತದೆ. ಆಗ ಮಿದುಳು ತನ್ನ ಸ್ಥಾನ ಬಿಟ್ಟು ಕೆಳಕ್ಕೆ ಜಾರಿ, ಉಸಿರಾಟವನ್ನು ನಡೆಸುವ ಬುಡವನ್ನೇ ಅದುಮುತ್ತದೆ.

ಆದುದರಿಂದ ರಕ್ತ ಎಷ್ಟು ಸೋರಿತೆಂಬುದರ ಜೊತೆಗೆ, ಯಾವ ಹೊದಿಕೆಗಳ ನಡುವೆ, ಎಷ್ಟು ವೇಗದಿಂದ ಸೋರಿತೆಂಬುದೂ ಮುಖ್ಯ.

ಗಂಟೆಗಳ ಲೆಕ್ಕದ ಶತ್ರು

ಕಣ್ಣಿಗೂ ಕಿವಿಗೂ ನಡುವಿನ ಕಣತಲೆಯ ಭಾಗದಲ್ಲಿ ಎಲುಬು ತೆಳುವಾಗಿದೆ. ಅದರ ಒಳಮೈಯಲ್ಲಿಯೇ ಒಂದು ಧಮನಿ ಹರಿದಿದೆ. ಅಲ್ಲಿ ಬಲವಾದ ಪೆಟ್ಟು ಬಿದ್ದು ಎಲುಬು ಸೀಳಿದರೆ ಧಮನಿ ಹರಿದು, ರಕ್ತವು ಎಲುಬಿಗೂ ಡ್ಯೂರಾ ಪೊರೆಗೂ ನಡುವೆ ತುಂಬುತ್ತದೆ. ಇದನ್ನು ಎಪಿಡ್ಯೂರಲ್ ರಕ್ತಸ್ರಾವವೆನ್ನುತ್ತಾರೆ. ಇದರ ಕಪಟವೆಂದರೆ ನಡುವಿನ ಸಮಾಧಾನದ ಗಳಿಗೆ. ಬಿದ್ದವನು ಕ್ಷಣಕಾಲ ಮೈಮರೆತು ಮತ್ತೆ ಎದ್ದು ಕೂಡುತ್ತಾನೆ. ಬಟ್ಟೆಯ ಧೂಳು ಕೊಡವಿಕೊಂಡು ಮನೆಗೆ ಹೋಗಿ ಮಲಗುತ್ತಾನೆ. ಒಳಗೆ ಧಮನಿ ಸೋರುತ್ತಲೇ ಇರುತ್ತದೆ.

ಇಂಗ್ಲೆಂಡಿನ ನಟಿ ನತಾಶಾ ರಿಚರ್ಡ್‌ಸನ್ 2009ರ ಮಾರ್ಚ್ 16ರಂದು ಕೆನಡಾದ ಹಿಮದ ಇಳಿಜಾರಿನಲ್ಲಿ ಜಾರುವಾಟ ಕಲಿಯುತ್ತ ಬಿದ್ದರು. ಗಾಯ ಕಾಣಲಿಲ್ಲ. ತಮಗೇನೂ ಆಗಿಲ್ಲವೆಂದು ಹೇಳಿ ವೈದ್ಯರ ನೆರವನ್ನು ಬೇಡವೆಂದರು. ಸುಮಾರು ಒಂದು ಗಂಟೆಯ ಮೇಲೆ ತಲೆನೋವು ಬಂತು. ಎರಡು ದಿನಗಳಲ್ಲಿ ಅವರು ತೀರಿಕೊಂಡರು. ವಯಸ್ಸು 45. ಇದೇ ರೋಗಿಯನ್ನು ಆ ಸಮಾಧಾನದ ಗಳಿಗೆಯಲ್ಲಿಯೇ ಶಸ್ತ್ರವೈದ್ಯರ ಕೈಗೆ ಒಪ್ಪಿಸಿದರೆ, ಎಲುಬಿನಲ್ಲಿ ಕಿಟಕಿ ತೆರೆದು, ಹೆಪ್ಪುಗಟ್ಟಿದ ರಕ್ತವನ್ನು ತೆಗೆದು, ಧಮನಿಯನ್ನು ಮುಚ್ಚಿಬಿಡಬಹುದು. ಮಿದುಳಿಗೆ ಬೇರೆ ಗಾಯವಾಗಿರದಿದ್ದರೆ ಅನೇಕರು ಮೊದಲಿನಂತೆಯೇ ಆಗುತ್ತಾರೆ.

ವಾರಗಳ ಲೆಕ್ಕದ ಶತ್ರು

ಡ್ಯೂರಾ ಪೊರೆಯ ಕೆಳಗೆ ಆಗುವ ಸ್ರಾವಕ್ಕೆ ಸಬ್‌ಡ್ಯೂರಲ್ ಎಂದು ಹೆಸರು. ಇಲ್ಲಿ ಹರಿಯುವುದು ಬಹುಮಟ್ಟಿಗೆ ಧಮನಿಯಲ್ಲ, ಮಿದುಳಿನ ಮೇಲ್ಮೈಯಿಂದ ಡ್ಯೂರಾಕ್ಕೆ ಸೇತುವೆಯಂತೆ ಹಾಯ್ದಿರುವ ಸಣ್ಣ ಸಣ್ಣ ಅಭಿಧಮನಿಗಳು. ರಸ್ತೆಯ ಅಪಘಾತದಂತಹ ಭಾರಿ ಪೆಟ್ಟಿನಲ್ಲಿ ಇವು ಹರಿದರೆ ಮಿದುಳಿಗೂ ಕೂಡಿಯೇ ಗಾಯವಾಗಿರುತ್ತದೆ. ಅಂತಹ ರೋಗಿಯ ಸ್ಥಿತಿ ಬಹಳ ಕಠಿನ.

ಆದರೆ ಮುದುಕರಲ್ಲಿ ಇದರ ರೀತಿಯೇ ಬೇರೆ. ವಯಸ್ಸಾದಂತೆ ಮಿದುಳು ಸ್ವಲ್ಪ ಸ್ವಲ್ಪವಾಗಿ ಕುಗ್ಗುತ್ತದೆ. ಹುರಿಯಿಂದ ಬಿಗಿದ ಎರಡು ಗೂಟಗಳನ್ನು ದೂರ ಸರಿಸಿದರೆ ಹುರಿ ಹೇಗೆ ಸೆಟೆದುಕೊಳ್ಳುವುದೋ ಹಾಗೆ ಆ ಅಭಿಧಮನಿಗಳು ಎಳೆದು ನಿಂತಿರುತ್ತವೆ. ಬಾಗಿಲು ತಾಕಿದ್ದೇ ಸಾಕು, ಬಚ್ಚಲಿನಲ್ಲಿ ಜಾರಿ ಕುಳಿತದ್ದೇ ಸಾಕು, ಒಂದು ಎಳೆ ಹರಿಯುತ್ತದೆ. ಅತಿಯಾದ ಮದ್ಯಪಾನವೂ ರಕ್ತವನ್ನು ತೆಳುವಾಗಿಸುವ ಔಷಧಗಳೂ ಅಪಾಯವನ್ನು ಹೆಚ್ಚಿಸುತ್ತವೆ. ನಮ್ಮ ದೊಡ್ಡಪ್ಪ ಹೃದಯದ ತೊಂದರೆಗಾಗಿ ಅಂತಹ ಗುಳಿಗೆಯನ್ನು ಎರಡು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದರು.

ಸೋರಿದ ಆ ತುಸು ರಕ್ತವನ್ನು ದೇಹವು ತನ್ನದೇ ರೀತಿಯಲ್ಲಿ ಸುತ್ತುಗಟ್ಟಲು ಹೋಗುತ್ತದೆ. ಸುತ್ತಲೂ ಒಂದು ಹೊಸ ಪೊರೆ ಬೆಳೆಯುತ್ತದೆ; ಆ ಪೊರೆಯಲ್ಲಿ ಹುಟ್ಟುವ ಎಳೆಯ ರಕ್ತನಾಳಗಳು ತೀರ ದುರ್ಬಲ. ಅವೇ ಮತ್ತೆ ಮತ್ತೆ ಸೋರುತ್ತವೆ. ಹೆಪ್ಪು ಕರಗಿ, ಮೋಟಾರಿನ ಹಳೆಯ ಎಣ್ಣೆಯಂತೆ ಕಪ್ಪಾಗಿ ನೀರಾಗುತ್ತದೆ. ಸಂಚಿ ದಿನದಿನಕ್ಕೆ ಉಬ್ಬುತ್ತದೆ. ಕುಗ್ಗಿದ ಮಿದುಳಿನ ಸುತ್ತ ಎಡೆಯಿರುವುದರಿಂದ ಲಕ್ಷಣಗಳು ತೋರುವುದಕ್ಕೆ ಮೂರು ವಾರಗಳೂ ಆದಾವು, ಎರಡು ತಿಂಗಳೂ ಆದಾವು. ಅಷ್ಟರಲ್ಲಿ ಪೆಟ್ಟು ಮರೆತಿರುತ್ತದೆ. ತೋರುವ ಲಕ್ಷಣಗಳಾದರೂ ಯಾವುವು? ಮರೆವು, ತೂಕಡಿಕೆ, ಮಾತಿನಲ್ಲಿ ತಡವರಿಕೆ, ನಡಿಗೆಯಲ್ಲಿ ತೊಡರು, ಸ್ವಭಾವದಲ್ಲಿ ಏರುಪೇರು. ಒಂದೊಂದನ್ನೂ ನಾವು ಮುಪ್ಪಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಅರಳು ಮರಳು ಎಂಬ ಗಾದೆ ಇಲ್ಲಿ ಅಪಾಯಕಾರಿ. ಮುಪ್ಪಿನ ಮರೆವು ವರ್ಷಗಳಲ್ಲಿ ಬರುತ್ತದೆ. ವಾರಗಳಲ್ಲಿ ಬಂದ ಮರೆವಿಗೆ ಬೇರೊಂದು ಕಾರಣವಿರುತ್ತದೆ.

ಮೈಸೂರಿನಲ್ಲಿ ಹುಟ್ಟಿ ಜಗತ್ತಿನಾದ್ಯಂತ ಹೆಸರಾದ ಸದ್ಗುರು ಜಗ್ಗಿ ವಾಸುದೇವ್ ಅವರಿಗೆ ಒದಗಿದ್ದೂ ಇದೇ ಜಾತಿಯ ಸಂಕಟ. 2024ರಲ್ಲಿ ನಾಲ್ಕು ವಾರಗಳ ಕಾಲ ಅವರಿಗೆ ತೀವ್ರವಾದ ತಲೆನೋವಿತ್ತು. ನೋವನ್ನು ನುಂಗಿಕೊಂಡು ಮಾರ್ಚ್ 8ರ ಮಹಾಶಿವರಾತ್ರಿಯ ಜಾಗರಣೆಯನ್ನೂ ನಡೆಸಿದರು. ದಿಲ್ಲಿಯಲ್ಲಿ ತಪಾಸಣೆಯಾದಾಗ ಮಿದುಳಿನ ಸುತ್ತ ಹಳೆಯ ಸ್ರಾವದ ಜೊತೆಗೆ ಹೊಸ ಸ್ರಾವವೂ ಕಂಡಿತು. ಮಾರ್ಚ್ 17ರಂದು ಮಂಪರು ಕವಿದು, ವಾಂತಿಯಾಗಿ, ಎಡಗಾಲು ಸೋತಿತು. ಅಂದೇ ಅಪೊಲೊ ಆಸ್ಪತ್ರೆಯಲ್ಲಿ ತುರ್ತು ಶಸ್ತ್ರಕ್ರಿಯೆ ನಡೆದು, ಮಾರ್ಚ್ 27ರಂದು ಅವರು ಮನೆಗೆ ಮರಳಿದರು. ನೋವನ್ನು ಸಹಿಸುವುದು ದೊಡ್ಡ ಗುಣವೆಂದು ಬಗೆಯುವ ನಮ್ಮ ನಾಡಿನಲ್ಲಿ ಈ ಉದಾಹರಣೆ ಒಂದು ಪಾಠ. ಎಂದೂ ಬಾರದ ತಲೆನೋವು ಬಂದು ವಾರಗಟ್ಟಲೆ ನಿಂತರೆ ಸಹಿಸುವುದಲ್ಲ, ತೋರಿಸುವುದೇ ವಿವೇಕ.

ಕ್ಷಣದ ಲೆಕ್ಕದ ಶತ್ರು

ಮೂರನೆಯದಕ್ಕೆ ಪೆಟ್ಟೇ ಬೇಕಿಲ್ಲ. ಮಿದುಳಿನ ಬುಡದಲ್ಲಿ ಧಮನಿಗಳು ಕವಲೊಡೆಯುವ ಜಾಗದಲ್ಲಿ ಕೆಲವರಿಗೆ ಗೋಡೆ ಸಡಿಲಗೊಂಡು ಹಣ್ಣಿನಂತೆ ಒಂದು ಗುಳ್ಳೆ ಉಬ್ಬುತ್ತದೆ. ಅದು ಅನ್ಯೂರಿಸಂ. ನೂರು ಜನ ವಯಸ್ಕರಲ್ಲಿ ಸುಮಾರು ಮೂವರಿಗೆ ಇದು ಇರುತ್ತದೆಂದು ಅಂದಾಜು. ಅವರಲ್ಲಿ ಬಹುಪಾಲು ಜನರಿಗೆ ಅದು ಆಯುಷ್ಯದುದ್ದಕ್ಕೂ ಒಡೆಯುವುದಿಲ್ಲ. ಒಡೆದರೆ ರಕ್ತವು ಜೇಡರಬಲೆಯ ಪೊರೆಯ ಕೆಳಗಿನ ತಿಳಿನೀರಿಗೆ ನುಗ್ಗುತ್ತದೆ. ಇದೇ ಸಬ್‌ಅರಕ್ನಾಯ್ಡ್ ರಕ್ತಸ್ರಾವ. ಪೆಟ್ಟಿಲ್ಲದೆ ಆಗುವ ಇಂತಹ ಸ್ರಾವಗಳಲ್ಲಿ ನೂರಕ್ಕೆ ಸುಮಾರು 85ಕ್ಕೆ ಈ ಗುಳ್ಳೆಯೇ ಕಾರಣ. ಧೂಮಪಾನ, ಏರಿದ ರಕ್ತದೊತ್ತಡ, ಮಿತಿಮೀರಿದ ಕುಡಿತ, ಹತ್ತಿರದ ಬಂಧುಗಳಲ್ಲಿ ಇದೇ ರೋಗ ಇದ್ದುದು, ಇವು ಅಪಾಯವನ್ನು ಬೆಳೆಸುವ ಸಂಗತಿಗಳು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಇದರ ಗುರುತು ಒಂದೇ: ಸಿಡಿಲಿನಂತೆ ಎರಗುವ ತಲೆನೋವು. ಮೆಲ್ಲಮೆಲ್ಲನೆ ಏರುವುದಲ್ಲ, ಕ್ಷಣಾರ್ಧದಲ್ಲಿ ತುತ್ತತುದಿಗೆ ಮುಟ್ಟುವುದು. “ಹುಟ್ಟಿದಾಗಿನಿಂದ ಇಂಥ ನೋವು ಕಂಡಿಲ್ಲ” ಎಂದು ರೋಗಿಯೇ ಹೇಳುತ್ತಾನೆ. ವಾಂತಿ, ಕುತ್ತಿಗೆಯ ಬಿಗಿತ, ಬೆಳಕು ಕಂಡರೆ ಕಣ್ಣು ಕುಕ್ಕುವಿಕೆ, ಕೆಲವೊಮ್ಮೆ ಮೂರ್ಛೆ, ಹಿಂಬಾಲಿಸುತ್ತವೆ. ಇಂಗ್ಲೆಂಡಿನ ನಟಿ ಎಮಿಲಿಯಾ ಕ್ಲಾರ್ಕ್ 2011ರಲ್ಲಿ ವ್ಯಾಯಾಮಶಾಲೆಯಲ್ಲಿದ್ದಾಗ ಹೀಗಾಯಿತು. ಚಿಕಿತ್ಸೆಯ ಅನಂತರ ಕೆಲಕಾಲ ತಮ್ಮ ಹೆಸರನ್ನೇ ಹೇಳಲಾರದೆ ಹೋದರು; ಮಾತೇ ಜೀವನೋಪಾಯವಾದವರಿಗೆ ಅದೆಂತಹ ಭಯವೆಂಬುದನ್ನು 2019ರಲ್ಲಿ ಅವರೇ ಬರೆದರು. ಅವರು ಉಳಿದರು, ಮತ್ತೆ ಅಭಿನಯಿಸಿದರು. ಎಲ್ಲರಿಗೂ ಆ ಭಾಗ್ಯವಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ತೀರಿಹೋಗುವವರುಂಟು.

ಉಳಿದವರಿಗೂ ಕಂಟಕ ಅಲ್ಲಿಗೇ ಮುಗಿಯದು. ಒಡೆದ ಗುಳ್ಳೆ ಮತ್ತೊಮ್ಮೆ ಒಡೆಯಬಹುದು. ಆ ಭಯ ಮೊದಲ 24 ಗಂಟೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ನಾಲ್ಕನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಮಿದುಳಿನ ಧಮನಿಗಳು ಸೆಡೆತು ಕಿರಿದಾಗಿ, ರಕ್ತದ ಹರಿವು ಸಾಲದೆ ಹೊಸದಾಗಿ ಲಕ್ವ ಹೊಡೆಯಬಹುದು. ಇದನ್ನು ತಗ್ಗಿಸಲು ನಿಮೋಡಿಪಿನ್ ಎಂಬ ಔಷಧವನ್ನು 21 ದಿನ ಕೊಡುತ್ತಾರೆ. ದ್ರವ ಹರಿಯುವ ದಾರಿಗಳಲ್ಲಿ ರಕ್ತ ಸಿಕ್ಕಿಕೊಂಡರೆ ತಲೆಯೊಳಗೆ ನೀರು ತುಂಬುತ್ತದೆ. ಆಗ ಕೊಳವೆಯಿಟ್ಟು ಬಸಿಯಬೇಕು. ಫಿಟ್ಸ್ ಬರಬಹುದು, ರಕ್ತದಲ್ಲಿ ಉಪ್ಪಿನ ಅಂಶ ಇಳಿಯಬಹುದು. ಆದುದರಿಂದಲೇ “ಎದ್ದು ಮಾತನಾಡುತ್ತಿದ್ದಾನಲ್ಲ, ಮನೆಗೇಕೆ ಬಿಡುವುದಿಲ್ಲ?” ಎಂದು ವೈದ್ಯರನ್ನು ಅವಸರಪಡಿಸಬಾರದು.

ಬುರುಡೆಯೊಳಗೆ ಇಣುಕಿದವರು

ತಲೆಬುರುಡೆಗೆ ರಂಧ್ರ ಕೊರೆಯುವ ವಿದ್ಯೆ ಹೊಸದೇನಲ್ಲ. ಕಾಶ್ಮೀರದ ಬುರ್ಜಹೋಮ್‌ನಲ್ಲಿ ಅಗೆದಾಗ ದೊರೆತ ನವಶಿಲಾಯುಗದ ಬುರುಡೆಯ ಮೇಲೆಯೇ ಅಂತಹ ರಂಧ್ರಗಳಿವೆ. ಆದರೆ ಎಲ್ಲಿ ಕೊರೆಯಬೇಕೆಂಬುದನ್ನು ಕಣ್ಣಾರೆ ಕಂಡು ತಿಳಿಯುವ ಉಪಾಯ ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. ಪೋರ್ಚುಗಲ್ಲಿನ ಎಗಾಸ್ ಮೋನಿಜ್ 1927ರಲ್ಲಿ ಮಿದುಳಿನ ರಕ್ತನಾಳಗಳನ್ನು ಎಕ್ಸ್‌ರೇ ಚಿತ್ರದಲ್ಲಿ ಮೂಡಿಸಿದರು. ಅಮೆರಿಕದ ವಾಲ್ಟರ್ ಡ್ಯಾಂಡಿ 1937ರಲ್ಲಿ ಅನ್ಯೂರಿಸಮ್ಮಿನ ಕತ್ತಿಗೆ ಲೋಹದ ಚಿಮುಟಿಗೆ ಹಾಕಿ ಮುಚ್ಚಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರಚಿಸಿದ ಸಿ.ಟಿ. ಯಂತ್ರದಿಂದ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯಲಾಯಿತು. ಅಂದಿನಿಂದ ಬುರುಡೆಯನ್ನು ತೆರೆಯದೆ ಒಳಗಿನ ರಕ್ತವನ್ನು ನೋಡುವುದು ಕೆಲವು ನಿಮಿಷಗಳ ಕೆಲಸವಾಯಿತು. 1990ರಲ್ಲಿ ಗುಲ್ಯೆಲ್ಮಿ ಎಂಬವರು ತೊಡೆಯ ಧಮನಿಯಿಂದ ಸೂಕ್ಷ್ಮವಾದ ನಳಿಕೆಯನ್ನು ಮಿದುಳಿನವರೆಗೆ ನಡೆಸಿ, ಗುಳ್ಳೆಯೊಳಗೆ ಪ್ಲಾಟಿನಮ್ಮಿನ ಸುರುಳಿ ತುಂಬಿ ಅದನ್ನು ಮುಚ್ಚುವ ರೀತಿಯನ್ನು ತಂದರು. ಇಂದು ಚಿಮುಟಿಗೆಯೋ ಸುರುಳಿಯೋ ಎಂಬುದನ್ನು ಗುಳ್ಳೆಯ ಆಕಾರ, ಜಾಗ, ರೋಗಿಯ ಸ್ಥಿತಿ ನೋಡಿ ನಿರ್ಧರಿಸುತ್ತಾರೆ.

ಕನ್ನಡ ನಾಡಿನಲ್ಲಿ ಈ ವಿದ್ಯೆಯ ತವರುಮನೆ ಬೆಂಗಳೂರಿನ ನಿಮ್ಹಾನ್ಸ್. ಸರಕಾರದ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಮೊದಲಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದುಗೂಡಿ 1974ರ ಡಿಸೆಂಬರಿನಲ್ಲಿ ಅದು ಹುಟ್ಟಿತು. ನರಶಸ್ತ್ರವೈದ್ಯ ಡಾ. ಆರ್. ಎಂ. ವರ್ಮಾ ಅದರ ಮೊದಲ ನಿರ್ದೇಶಕರು. ನಮ್ಮ ಕಡೆಯವರಿಗೆ ಬೆಂಗಳೂರು ದೂರ. ತಲೆಗೆ ಪೆಟ್ಟಾದವರನ್ನು ಸೊಲ್ಲಾಪುರಕ್ಕೋ ಮಿರಜಕ್ಕೋ ಒಯ್ಯುತ್ತಿದ್ದ ಕಾಲವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಇಂದು ವಿಜಯಪುರದಲ್ಲಿಯೇ ವೈದ್ಯಕೀಯ ಕಾಲೇಜುಗಳಿವೆ, ಸ್ಕ್ಯಾನ್ ಯಂತ್ರಗಳಿವೆ. ದೂರ ಉಳಿದಿರುವುದು ನಮ್ಮ ತಿಳಿವಳಿಕೆಯಲ್ಲಿ ಮಾತ್ರ.

ದೊಡ್ಡಪ್ಪನವರಿಗೆ ರಕ್ತ ತೆಳುವಾಗಿಸುವ ಗುಳಿಗೆಯನ್ನು ನಿಲ್ಲಿಸಿ, ರಕ್ತ ಹೆಪ್ಪುಗಟ್ಟುವ ಶಕ್ತಿ ಮರಳುವಂತೆ ಮಾಡಿಕೊಂಡು, ಎಲುಬಿನಲ್ಲಿ ರೂಪಾಯಿಗಿಂತ ಚಿಕ್ಕದಾದ ಎರಡು ರಂಧ್ರ ಕೊರೆದರು. ಕಪ್ಪು ದ್ರವ ಒತ್ತಡದಿಂದ ಚಿಮ್ಮಿ ಬಂತೆಂದು ವೈದ್ಯರು ಆಮೇಲೆ ಹೇಳಿದರು. ಒಂದು ಕೊಳವೆಯನ್ನು ಎರಡು ದಿನ ಅಲ್ಲಿಯೇ ಇಟ್ಟಿದ್ದರು. ಏಕೆಂದು ಕೇಳಿದೆ. ಕೇಂಬ್ರಿಜಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕೊಳವೆ ಇಡದವರ ಪೈಕಿ ನೂರಕ್ಕೆ 24 ಜನರಿಗೆ ಮತ್ತೆ ರಕ್ತ ಕೂಡಿಕೊಂಡು ಪುನಃ ಶಸ್ತ್ರಕ್ರಿಯೆ ಬೇಕಾಯಿತು. ಇಟ್ಟವರಲ್ಲಿ ನೂರಕ್ಕೆ 9ರಷ್ಟೇ ಜನರಿಗೆ. ಹೊಸ ಪೊರೆಗೆ ರಕ್ತ ಉಣಿಸುವ ಧಮನಿಯನ್ನೇ ನಳಿಕೆಯ ಮೂಲಕ ಮುಚ್ಚಿ, ಸ್ರಾವ ಮರುಕಳಿಸದಂತೆ ಮಾಡುವ ಕ್ರಮವೂ ಈಚೆಗೆ ಬಂದಿದೆ. 2024ರಲ್ಲಿ ಪ್ರಕಟವಾದ ಪ್ರಯೋಗಗಳು ಅದರ ಉಪಯೋಗವನ್ನು ತೋರಿಸಿವೆ. ಸ್ರಾವ ತೀರ ಚಿಕ್ಕದಾಗಿದ್ದು ರೋಗಿಗೆ ತೊಂದರೆಯಿಲ್ಲದಿದ್ದರೆ ಶಸ್ತ್ರವಿಲ್ಲದೆ ಕಾದು ನೋಡುವುದೂ ಉಂಟು. ಆದರೆ ಆ ತೀರ್ಮಾನ ವೈದ್ಯರದು, ನಮ್ಮದಲ್ಲ.

ಮನೆಯವರು ಮಾಡಬೇಕಾದದ್ದು

ತಲೆಗೆ ಪೆಟ್ಟು ಬಿದ್ದವನು ಒಂದು ಕ್ಷಣವಾದರೂ ಎಚ್ಚರ ತಪ್ಪಿದ್ದರೆ, ಎರಡು ಬಾರಿ ವಾಂತಿ ಮಾಡಿಕೊಂಡರೆ, ತಲೆನೋವು ಏರುತ್ತ ಹೋದರೆ, ಎಬ್ಬಿಸಿದರೂ ಏಳದಂತಹ ಮಂಪರು ಕವಿದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾದರೆ, ಮಾತು ತೊದಲಿದರೆ, ಒಂದು ಪಕ್ಕದ ಕೈಕಾಲು ಸೋತರೆ, ಮೂಗು ಇಲ್ಲವೆ ಕಿವಿಯಿಂದ ರಕ್ತವೋ ನೀರೋ ಇಳಿದರೆ, ಫಿಟ್ಸ್ ಬಂದರೆ, ಅರೆಗಳಿಗೆಯೂ ಕಾಯದೆ 108ಕ್ಕೆ ಕರೆ ಮಾಡಬೇಕು. ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರಿಗೆ ಮತ್ತು ಮುದುಕರಿಗೆ ಪೆಟ್ಟು ಬಿದ್ದರೆ, ಈ ಲಕ್ಷಣಗಳು ಇಲ್ಲದಿದ್ದರೂ ವೈದ್ಯರಿಗೆ ತೋರಿಸುವುದೇ ಕ್ಷೇಮ. ಎದ್ದು ಕುಳಿತವನನ್ನು ನೋಡಿ “ಪಾರಾದ” ಎಂದುಕೊಳ್ಳಬಾರದು. ಅವನನ್ನು ಒಂದು ದಿನವಾದರೂ ಒಂಟಿಯಾಗಿ ಬಿಡಬಾರದು.

ಮಾಡಬಾರದ ಕೆಲಸಗಳೂ ಇವೆ. ಗಾಯಕ್ಕೆ ಕಾಫಿಪುಡಿ, ಅರಿಸಿನ ಮೆತ್ತುವುದು, ನೆತ್ತಿಗೆ ಎಣ್ಣೆ ಒತ್ತಿ ತಿಕ್ಕುವುದು, ಮಂಪರಿನಲ್ಲಿರುವವನ ಬಾಯಿಗೆ ಚಹಾ ಹನಿಸುವುದು, ನೋವಿಗೆಂದು ಆಸ್ಪಿರಿನ್ ಕೊಡುವುದು, ಇವು ಯಾವುವೂ ಬೇಡ. ವಾಂತಿ ಮಾಡುತ್ತಿದ್ದರೆ ಕುತ್ತಿಗೆ ಹೊರಳದಂತೆ ತಲೆ ಮೈ ಎರಡನ್ನೂ ಒಟ್ಟಿಗೆ ಪಕ್ಕಕ್ಕೆ ತಿರುಗಿಸಬೇಕು. ಪೆಟ್ಟು ಬಿದ್ದ ವೇಳೆಯನ್ನೂ ದಿನನಿತ್ಯ ತಿನ್ನುವ ಗುಳಿಗೆಗಳ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ಒಯ್ಯಬೇಕು. ಆ ಚೀಟಿ ವೈದ್ಯರಿಗೆ ಅರ್ಧ ತಪಾಸಣೆಗೆ ಸಮ.

ಇನ್ನು ತಲೆಪಾಗಿನ ಮಾತು. ಇಂದಿನ ತಲೆಪಾಗು ಹೆಲ್ಮೆಟ್ಟು. ಹೆಲ್ಮೆಟ್ಟಿನಿಂದ ತಲೆಯ ಗಾಯದ ಅಪಾಯ ನೂರಕ್ಕೆ 69ರಷ್ಟೂ ಸಾವಿನ ಅಪಾಯ ನೂರಕ್ಕೆ 42ರಷ್ಟೂ ಇಳಿಯುತ್ತದೆಂದು ಅನೇಕ ದೇಶಗಳ ಅಧ್ಯಯನಗಳನ್ನು ಕೂಡಿಸಿ ಲೆಕ್ಕ ಹಾಕಿದ್ದಾರೆ. 2021ರ ಜೂನ್ 12ರ ರಾತ್ರಿ ಬೆಂಗಳೂರಿನ ಜೆ. ಪಿ. ನಗರದಲ್ಲಿ ಗೆಳೆಯನ ಬೈಕಿನ ಹಿಂದೆ ಕುಳಿತು ಹೋಗುತ್ತಿದ್ದ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ, ಶಸ್ತ್ರಕ್ರಿಯೆಯಾದರೂ ಉಳಿಯದೆ, ಜೂನ್ 15ರಂದು ತೀರಿಕೊಂಡರು. ‘ನಾನು ಅವನಲ್ಲ ಅವಳು’ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಆ ಕಲಾವಿದನಿಗೆ ನಲವತ್ತೂ ತುಂಬಿರಲಿಲ್ಲ. ಅವರ ಮನೆಯವರು ದುಃಖದ ನಡುವೆಯೂ ಅಂಗದಾನ ಮಾಡಿದರು. ಆ ಸುದ್ದಿಗೆ ಕಣ್ಣೀರಿಟ್ಟ ನಾವೇ ಮರುದಿನ ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ತೂಗುಹಾಕಿಕೊಂಡು ಹೋಗುತ್ತೇವೆ. ಪೊಲೀಸರು ಕಂಡಾಗ ತಲೆಗೇರುವ, ಗಲ್ಲದ ಪಟ್ಟಿ ಬಿಗಿಯದ ಹೆಲ್ಮೆಟ್ಟು ದಂಡವನ್ನು ತಪ್ಪಿಸೀತು, ತಲೆಯನ್ನು ಉಳಿಸದು. ಹಿಂದೆ ಕುಳಿತ ಹೆಂಡತಿಗೂ ನಡುವೆ ಕುಳಿತ ಮಗುವಿಗೂ ತಲೆಯಿದೆಯೆಂಬುದನ್ನು ಎಷ್ಟು ಮನೆಗಳು ನೆನೆಯುತ್ತವೆ?

ಶಸ್ತ್ರಕ್ರಿಯೆಯಾದ ಮೂರನೆಯ ದಿನ ದೊಡ್ಡಪ್ಪ ನನ್ನನ್ನು ಹತ್ತಿರ ಕರೆದರು. ಮಾತು ಮೆಲ್ಲಗಿತ್ತು, ಆದರೆ ಸ್ಪಷ್ಟವಾಗಿತ್ತು. “ತಮ್ಮಾ, ಅವತ್ತ ಮೂರ ಸಲ ಶಬ್ದ ಎತ್ತಿ ಕೊಟ್ಟಿ. ಎರಡನೇದ್ದು ತಪ್ಪಿತ್ತು” ಎಂದರು. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ತಪ್ಪಿದ್ದು ನಿಜ.

ಈಗ ನಡುಮನೆಯ ಬಾಗಿಲನ್ನು ಎತ್ತರಿಸಿದ್ದಾರೆ. ಆರನೆಯ ವಾರ ಮತ್ತೆ ಸ್ಕ್ಯಾನ್ ಮಾಡಿಸಿದಾಗ ಮಿದುಳು ತನ್ನ ಸ್ಥಾನಕ್ಕೆ ಮರಳಿತ್ತು. ದೊಡ್ಡಪ್ಪ ಸಂಜೆಯ ಹೊತ್ತು ಕೆರೆಯ ಕಡೆಗೆ ನಡೆದು ಹೋಗುತ್ತಾರೆ, ಮೊಮ್ಮಗಳು ಒಂದು ಹೆಜ್ಜೆ ಹಿಂದೆ. ಅವಳ ಕಣ್ಣು ಕೆರೆಯ ನೀರಿನ ಮೇಲಿರುವುದಿಲ್ಲ; ಅಜ್ಜನ ಎರಡು ಚಪ್ಪಲಿಗಳ ಮೇಲಿರುತ್ತದೆ.